ರೆಸ್ಪೆಕ್ಟಿವ್ಲಿ ಅಂದರೆ ಅನುಕ್ರಮವಾಗಿ

ಧಾರವಾಡವನ್ನು ಫೇಡೆಯ ಊರು, ಕವಿಗಳ ಊರು ಎಂದು ಈಗಲೂ ಕರೆಯುತ್ತಾರೆ. ಸಪ್ತಾಪುರದ ರಸ್ತೆಗಳಲ್ಲಿ ಒಂದು ಸಂಜೆ ಅಡ್ಡಾಡಿದರೆ ಬೇರೆಯೇ ಊರು ಕಾಣುತ್ತದೆ. ಕಂಬಕ್ಕೊಂದು, ಗೋಡೆಗೊಂದು ಕೋಚಿಂಗ್ ಕ್ಲಾಸಿನ ಫ್ಲೆಕ್ಸು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿಗಳ ನಡುವೆ ಶಾಲೆಯ ಮಕ್ಕಳಿಗೂ ಒಂದಿಷ್ಟು ಜಾಗ ಇರುತ್ತದೆ: ‘ಅಡ್ವಾನ್ಸ್ಡ್ ಇಂಗ್ಲಿಷ್ ವೊಕ್ಯಾಬುಲರಿ, 8ರಿಂದ 10ನೇ ತರಗತಿಯವರೆಗೆ.’

ಹೋದ ಬೇಸಿಗೆಯಲ್ಲಿ ಅಂಥದೊಂದು ಕ್ಲಾಸಿನವರು ನನಗೆ ಕೆಲಸ ಹೇಳಿದರು. ಐನೂರು ಶಬ್ದಗಳ ಒಂದು ಕಿರುಪುಸ್ತಕ ಮಾಡಿಕೊಡಬೇಕು, ಪ್ರತಿ ಶಬ್ದಕ್ಕೂ ಅರ್ಥ, ಉಚ್ಚಾರ ಮತ್ತು ಒಂದು ವಾಕ್ಯ ಇರಬೇಕು. ನಾನು ಭಾಷಾವಿಜ್ಞಾನದಲ್ಲಿ ಪಿಎಚ್.ಡಿ ಮಾಡುತ್ತಿರುವವಳು. ಶಬ್ದಗಳೆಂದರೆ ಆಸೆ, ಮೇಲಾಗಿ ಸಂಶೋಧನಾ ವಿದ್ಯಾರ್ಥಿಗೆ ನಾಲ್ಕು ಕಾಸು ತರುವ ಯಾವ ಕೆಲಸವೂ ಸಣ್ಣದಲ್ಲ. ಮಾದರಿಗೆಂದು ಅವರು ಒಂದು ಹಾಳೆ ಕೊಟ್ಟರು. ಅದರಲ್ಲಿ ‘ಯುಬಿಕ್ವಿಟಸ್’, ‘ಗ್ರಿಗೇರಿಯಸ್’, ‘ಮ್ಯಾಗ್ನಾನಿಮಸ್’, ‘ಸೈಕೋಫ್ಯಾಂಟ್’ ಇದ್ದವು. ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ ಎಂದೂ ಖಾಲಿಯಾಗದ ನಾರ್ಮನ್ ಲೂಯಿಸ್‌ನ ‘ವರ್ಡ್ ಪವರ್ ಮೇಡ್ ಈಸಿ’ ನೆನಪಾಯಿತು. 1949ರಲ್ಲಿ ಅಮೆರಿಕದಲ್ಲಿ ಬಂದ ಆ ಪುಸ್ತಕ ಒಳ್ಳೆಯ ಪುಸ್ತಕವೇ, ಶಬ್ದವನ್ನು ಬೇರು ಹಿಡಿದು ಕಲಿಸುತ್ತದೆ. ಆದರೆ ಅದು ಇಂಗ್ಲಿಷಿನಲ್ಲೇ ಬೆಳೆದವರಿಗಾಗಿ ಬರೆದದ್ದು. ಅದರ ನೆರಳಿನಲ್ಲಿ ನಮ್ಮಲ್ಲಿ ಹುಟ್ಟಿದ ಪಟ್ಟಿಗಳು ಬೇರನ್ನು ಕೈಬಿಟ್ಟು ಎಲೆಯನ್ನಷ್ಟೇ ಉಳಿಸಿಕೊಂಡಿವೆ.

ನಾನು ಪಟ್ಟಿ ಮಾಡಲು ಕೂತ ದಿನಗಳಲ್ಲೇ ಬೇರೊಂದು ಪಟ್ಟಿ ನನ್ನ ಕೈಗೆ ಬಂತು.

ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಭಾನುವಾರ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಮೂರು ವರ್ಷದಿಂದ ಹೋಗುತ್ತಿದ್ದೇನೆ. ಅಲ್ಲಿ ಓದಿದ ಹುಡುಗಿಯೊಬ್ಬಳು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಚೆನ್ನಾಗಿ ಮುಗಿಸಿ ಪಟ್ಟಣದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಳು. ಜುಲೈ ತಿಂಗಳ ಒಂದು ಭಾನುವಾರ ತನ್ನ ನೋಟ್‌ಬುಕ್ ಹಿಡಿದು ಬಂದಳು. ಹಿಂದಿನ ಪುಟಗಳಲ್ಲಿ ತನಗೆ ತಿಳಿಯದ ಶಬ್ದಗಳನ್ನೆಲ್ಲ ಬರೆದಿಟ್ಟಿದ್ದಳು. ಭೌತಶಾಸ್ತ್ರ, ರಸಾಯನಶಾಸ್ತ್ರದ ಭಾರೀ ಪದಗಳಿರುತ್ತವೆ ಅಂದುಕೊಂಡು ನೋಡಿದರೆ ಅಂಥದ್ದು ಒಂದೂ ಇರಲಿಲ್ಲ. ‘ರೆಸ್ಪೆಕ್ಟಿವ್ಲಿ’, ‘ಹೆನ್ಸ್’, ‘ಅಸ್ಯೂಮ್’, ‘ಅಬ್ಟೇನ್’, ‘ಕರೆಸ್ಪಾಂಡಿಂಗ್’, ‘ವೇರ್ಯಾಸ್’, ‘ನೆಗ್ಲಿಜಿಬಲ್’, ‘ಆರ್ಬಿಟ್ರರಿ’, ‘ಡಿನೋಟ್’, ‘ಡಿರೈವ್’. ಪುಟದ ತುಂಬ ಇವೇ.

“ಅಕ್ಕಾವ್ರ, ಸೈನ್ಸ್ ಶಬ್ದ ಕ್ಲಾಸಿನಾಗ ಬಿಡಿಸಿ ಹೇಳ್ತಾರ್ರಿ. ಇವನ್ನ ಯಾರೂ ಹೇಳಂಗಿಲ್ರಿ. ಎಲ್ಲಾರಿಗೂ ಬರ್ತಾವಂತ ತಿಳ್ಕೊಂಡು ಮುಂದ ಹೋಗಿಬಿಡ್ತಾರ್ರಿ” ಅಂದಳು. ಅವಳ ಜೊತೆಗೆ ವಿಜ್ಞಾನಕ್ಕೆ ಸೇರಿದ್ದ ಅದೇ ಊರಿನ ಇಬ್ಬರು ಆಗಲೇ ಬಿಟ್ಟು ಆರ್ಟ್ಸಿಗೆ ಹೋಗಿದ್ದರು. “ನಮ್ಮಪ್ಪನೂ ಆರ್ಟ್ಸಿಗೆ ಹೋಗು ಅನ್ನಾಕತ್ತಾನ್ರಿ.” ಆರ್ಟ್ಸ್ ಓದುವುದು ಯಾವ ರೀತಿಯಲ್ಲೂ ಕಡಿಮೆಯದಲ್ಲ, ನಾನು ಓದಿದ್ದೂ ಅದನ್ನೇ. ಇಷ್ಟಪಟ್ಟು ಹೋಗುವುದು ಬೇರೆ, ಭಯಪಟ್ಟು ಹೋಗುವುದು ಬೇರೆ.

ಒಂದು ಶಬ್ದ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಅವಳ ರೇಖಾಗಣಿತದ ಪುಟವೇ ತೋರಿಸುತ್ತಿತ್ತು. ಲೆಕ್ಕದಲ್ಲಿ ‘ಡಿ ಮತ್ತು ಇ ಬಿಂದುಗಳು ಎಬಿ ಮತ್ತು ಎಸಿ ಬಾಹುಗಳ ಮೇಲೆ ರೆಸ್ಪೆಕ್ಟಿವ್ಲಿ ಇವೆ’ ಎಂದಿತ್ತು. ಆ ಕೊನೆಯ ಶಬ್ದವನ್ನು ಬಿಟ್ಟು ಓದಿದರೆ ಯಾವ ಬಿಂದು ಯಾವ ಬಾಹುವಿನ ಮೇಲೆ ಎಂಬುದೇ ಗೊತ್ತಾಗುವುದಿಲ್ಲ. ಚಿತ್ರ ತಪ್ಪುತ್ತದೆ, ಚಿತ್ರ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದ ಹುಡುಗಿಗೆ ಗಣಿತ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಕೊನೆಗೆ ಅವಳೂ ಅದನ್ನೇ ನಂಬುತ್ತಾಳೆ. ‘ಯುಬಿಕ್ವಿಟಸ್’ ಗೊತ್ತಿಲ್ಲದೆ ಯಾರೂ ಕೋರ್ಸು ಬಿಡುವುದಿಲ್ಲ. ‘ರೆಸ್ಪೆಕ್ಟಿವ್ಲಿ’ ಗೊತ್ತಿಲ್ಲದೆ ಬಿಡುತ್ತಾರೆ.

ಈ ನಡುವಿನ ಪದರದ ಶಬ್ದಗಳ ಬಗ್ಗೆ ಜಗತ್ತಿನಲ್ಲಿ ಸಾಕಷ್ಟು ಕೆಲಸ ನಡೆದಿದೆ. ಬಂಗಾಳದಲ್ಲಿ ಇಂಗ್ಲಿಷ್ ಕಲಿಸಿದ ಅನುಭವವಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಮೂಲ ಶಬ್ದಗಳ ಒಂದು ಪಟ್ಟಿ ಪ್ರಕಟಿಸಿದ. ದಿನದ ಇಂಗ್ಲಿಷಿಗೆ ಅದು ತಳಪಾಯ. ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ, ಸರಳಗೊಳಿಸದ ಬರಹವನ್ನು ನೆರವಿಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕು ಎಂದು ಲೆಕ್ಕ ಹಾಕಿದ. ಕುಟುಂಬ ಅಂದರೆ ಒಂದು ಶಬ್ದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ. ಎರಡು ಸಾವಿರದ ದಡದಿಂದ ಎಂಟು ಸಾವಿರದ ದಡಕ್ಕೆ ಹಾರುವುದು ಹೇಗೆ? ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಬೇರೆ ಬೇರೆ ವಿಷಯಗಳ ಪಠ್ಯಗಳನ್ನು ಜಾಲಾಡಿ, ಎಲ್ಲ ಶಾಸ್ತ್ರಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿದಳು. ಪಾಂಡಿತ್ಯದ ಬರಹದಲ್ಲಿ ಸುಮಾರು ನೂರಕ್ಕೆ ಹತ್ತು ಶಬ್ದಗಳು ಈ ಗುಂಪಿನವೇ. ಆ ಹುಡುಗಿಯ ಹಿಂದಿನ ಪುಟ ಮತ್ತು ಕಾಕ್ಸ್‌ಹೆಡ್ ಪಟ್ಟಿ ಒಂದೇ ಮನೆತನದವು. ಶಾಲೆಯ ಮಕ್ಕಳಿಗೆ ‘ಅಡ್ವಾನ್ಸ್ಡ್’ ಎಂಬ ಹೆಸರು ಯಾವುದಕ್ಕಾದರೂ ಸಲ್ಲುವುದಿದ್ದರೆ ಇವುಗಳಿಗೇ ಸಲ್ಲಬೇಕು.

ಅಂದು ನಾನು ಅವಳ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ತರಿಸಿದೆ. ತ್ರಿಭುಜಗಳ ಅಧ್ಯಾಯ ತೆಗೆದು, ರೆಸ್ಪೆಕ್ಟಿವ್ಲಿಯ ಜಾಗದಲ್ಲಿ ಇಲ್ಲಿ ಏನಿದೆ ನೋಡು ಎಂದೆ. ಬೆರಳಿಟ್ಟು ಓದಿದಳು: ‘ಅನುಕ್ರಮವಾಗಿ.’ ಕರೆಸ್ಪಾಂಡಿಂಗ್ ಸೈಡ್ಸ್ ಎಂದರೆ ‘ಅನುರೂಪ ಬಾಹುಗಳು’. ಎರಡರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸುವ ಕಡೆ ‘ಊಹಿಸಿಕೊಳ್ಳೋಣ’ ಎಂದಿತ್ತಲ್ಲ, ಅದೇ ಅಸ್ಯೂಮ್. ಹೆನ್ಸ್ ಅಂದರೆ ‘ಆದ್ದರಿಂದ’. ನೆಗ್ಲಿಜಿಬಲ್ ಅಂದರೆ ‘ನಗಣ್ಯ’, ಗಣನೆಗೆ ತೆಗೆದುಕೊಳ್ಳದಷ್ಟು ಸಣ್ಣದು. “ಇವೆಲ್ಲಾ ನನಗ ಬರ್ತಾವಲ್ರಿ ಅಕ್ಕಾವ್ರ!” ಎಂದಳು, ಸ್ವಲ್ಪ ಸಿಟ್ಟಿನಲ್ಲೇ. ಬರುವ ವಸ್ತುವನ್ನೇ ಬರುವುದಿಲ್ಲ ಎಂದು ಎರಡು ತಿಂಗಳು ಅನುಭವಿಸಿದವಳ ಸಿಟ್ಟು ಅದು.

ಆ ಹಳ್ಳಿಯ ಭಾನುವಾರದ ಪಾಠದ ದಿಕ್ಕು ಅಲ್ಲಿಂದ ಬದಲಾಯಿತು. ಒಂಬತ್ತು, ಹತ್ತನೇ ತರಗತಿಯ ಮಕ್ಕಳೊಂದಿಗೆ ಪಠ್ಯಪುಸ್ತಕದ ಕನ್ನಡ ಶಬ್ದಗಳನ್ನು ಒಡೆದು ನೋಡತೊಡಗಿದೆವು. ಒಡೆದಷ್ಟೂ ಒಳಗೆ ಇಂಗ್ಲಿಷ್ ಸಿಕ್ಕಿತು.

‘ಫೋಟೋಸಿಂಥೆಸಿಸ್’ ಶಬ್ದವನ್ನು ಮಕ್ಕಳು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಅದರ ಕನ್ನಡ ‘ದ್ಯುತಿಸಂಶ್ಲೇಷಣೆ’. ಫೋಟೋ ಅಂದರೆ ದ್ಯುತಿ, ಬೆಳಕು. ಸಿನ್ ಅಂದರೆ ಸಂ, ಒಟ್ಟಿಗೆ. ಬೆಳಕಿನಿಂದ ಕೂಡಿಸಿ ಕಟ್ಟುವುದು. ಸಂಶ್ಲೇಷಣೆ ಸಿಕ್ಕರೆ ಅದರ ಎದುರಾಳಿ ವಿಶ್ಲೇಷಣೆಯೂ ಸಿಕ್ಕಿತು, ಅದೇ ‘ಅನಾಲಿಸಿಸ್’. ‘ಎಕ್ಸೋಥರ್ಮಿಕ್’ ಅಂದರೆ ಬಹಿರುಷ್ಣಕ: ಹೊರಗೆ, ಉಷ್ಣ. ಥರ್ಮಾಸ್ ಫ್ಲಾಸ್ಕು, ಥರ್ಮಾಮೀಟರು ಎಲ್ಲ ಮಕ್ಕಳೂ ಕಂಡಿರುವ ವಸ್ತುಗಳೇ. ‘ರ್ಯಾಷನಲ್ ನಂಬರ್’ ಎಂದಾಗ ಇಂಗ್ಲಿಷ್ ಬಲ್ಲವರಿಗೆ ಕೂಡ ವಿವೇಕ, ತರ್ಕ ಎಂದೆಲ್ಲ ಹೊಳೆಯುತ್ತದೆ. ಅದರೊಳಗೆ ‘ರೇಷಿಯೋ’ ಕೂತಿರುವುದು ಕಾಣುವುದಿಲ್ಲ. ಕನ್ನಡದ ‘ಭಾಗಲಬ್ಧ’ ಮಾತ್ರ ನೇರವಾಗಿ, ಭಾಗಿಸಿದಾಗ ಲಭಿಸಿದ್ದು ಎಂದು ಹೇಳಿಬಿಡುತ್ತದೆ. ಇಲ್ಲಿ ಕನ್ನಡ ಕಲಿತವನೇ ಮುಂದಿದ್ದಾನೆ.

ಜಲಜನಕ, ಆಮ್ಲಜನಕಗಳ ಕಥೆ ಇನ್ನೂ ಚೆಂದ. ‘ಹೈಡ್ರೋಜನ್’ ಎಂದರೆ ನೀರನ್ನು ಹುಟ್ಟಿಸುವುದು, ‘ಆಕ್ಸಿಜನ್’ ಎಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರಲೇಬೇಕು ಎಂದು ನಂಬಿ ಫ್ರಾನ್ಸಿನ ಲಾವಾಸಿಯೆ ಆ ಹೆಸರಿಟ್ಟ. ಆ ನಂಬಿಕೆ ಸರಿಯಲ್ಲವೆಂದು ಆಮೇಲೆ ತಿಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ. ಹೆಸರು ಮಾತ್ರ ಉಳಿಯಿತು, ಕನ್ನಡವು ಆ ತಪ್ಪನ್ನೂ ನಿಷ್ಠೆಯಿಂದ ಅನುವಾದ ಮಾಡಿಕೊಂಡಿತು. ಇನ್ನೊಂದು ಸ್ವಾರಸ್ಯವಿದೆ. ಈ ‘ಜನ್’ ಮತ್ತು ನಮ್ಮ ‘ಜನಕ’ ಅರ್ಥದಲ್ಲಷ್ಟೇ ಅಲ್ಲ, ಹುಟ್ಟಿನಲ್ಲೂ ಒಡಹುಟ್ಟಿದವು. ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಪ್ರಸಿದ್ಧ. ಕನ್ನಡ ದ್ರಾವಿಡ ನುಡಿ, ಆ ಬಳಗಕ್ಕೆ ಸೇರಿದ್ದಲ್ಲ. ಆದರೆ ಅದು ಸಂಸ್ಕೃತದಿಂದ ಪಡೆದುಕೊಂಡ ಶಬ್ದಗಳ ಮೂಲಕ ಕನ್ನಡದ ಮಗುವಿಗೆ ಆ ಮನೆಯ ಹಿತ್ತಲ ಬಾಗಿಲು ತೆರೆದೇ ಇದೆ. ‘ಸ್ಥಾ’ ಎಂಬ ಒಂದೇ ಧಾತುವಿನಿಂದ ಸ್ಥಿರ, ಸ್ಥಿತಿ, ಸ್ಥಾನ, ಸಂಸ್ಥೆ, ವ್ಯವಸ್ಥೆ. ಅದರ ಲ್ಯಾಟಿನ್ ಸೋದರನಿಂದ ಸ್ಟೇಬಲ್, ಸ್ಟೇಟಸ್, ಸ್ಟೇಷನ್, ಕನ್ಸಿಸ್ಟ್, ರೆಸಿಸ್ಟ್, ಪರ್ಸಿಸ್ಟ್. ಎಲ್ಲವೂ ನಿಲ್ಲುವ ಬಗೆಗಳೇ: ಕೂಡಿ ನಿಲ್ಲುವುದು, ಎದುರು ನಿಲ್ಲುವುದು, ಕೊನೆತನಕ ನಿಲ್ಲುವುದು. ಆರು ಶಬ್ದ ಬಾಯಿಪಾಠ ಮಾಡುವುದಕ್ಕೂ ಒಂದು ಬೇರು ಹಿಡಿಯುವುದಕ್ಕೂ ಇರುವ ಅಂತರ ಮಕ್ಕಳ ಮುಖದಲ್ಲೇ ಕಾಣುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ತೀರಾ ಸಲೀಸಾದ ಕಥೆಯಾಗುತ್ತದೆ. ಒಂದು ಭಾನುವಾರ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: “ಅಲ್ರಿ ಅಕ್ಕಾವ್ರ, ಫೋಟೋ ಅಂದ್ರ ದ್ಯುತಿ ಅಂದ್ರಿ. ದ್ಯುತಿ ಅಂದ್ರ ಏನ್ರಿ?” ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ. ಅವನ ಮನೆಯಲ್ಲಿ ಆಡುವ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ನಡುವೆ ಒಂದು ಹಳ್ಳವೇ ಇದೆ. ಕೂರಿಗೆ, ಕುಂಟಿ, ಎರಿ, ಮಸಾರಿ ಇವೆಲ್ಲ ಅವನಿಗೆ ಅಂಗೈಯಷ್ಟು ಪರಿಚಿತ. ಯಾವ ಹೊಲಕ್ಕೆ ಯಾವಾಗ ಎಡೆ ಹೊಡೆಯಬೇಕು ಎಂಬ ಸೂಕ್ಷ್ಮವನ್ನು ಅವನು ವಿವರಿಸಿದರೆ ನಾನು ಬಾಯಿ ಮುಚ್ಚಿಕೊಂಡು ಕೇಳಬೇಕು. ಅವನಿಗೆ ‘ದ್ಯುತಿ’ಯೂ ‘ಫೋಟೋ’ದಷ್ಟೇ ಪರಕೀಯ. ನಿಜ ಹೇಳಬೇಕೆಂದರೆ ಫೋಟೋವೇ ಹತ್ತಿರದ್ದು, ಮದುವೆ ಮನೆಯಲ್ಲಿ ದಿನಾ ಕೇಳುವ ಶಬ್ದ.

ಹಾಗಾಗಿ ಎರಡೂ ಕಡೆಯಿಂದ ಒಡೆಯಬೇಕಾಯಿತು. ವಿದ್ಯುತ್ ಗೊತ್ತಲ್ಲ, ಅದರೊಳಗೆ ಇದೇ ದ್ಯುತಿಯ ಹೊಳಪಿದೆ ಎಂದೆ. ಫೋಟೋಗ್ರಾಫ್ ಅಂದರೆ ಬೆಳಕಿನಿಂದ ಬರೆದದ್ದು, ಕನ್ನಡದಲ್ಲಿ ಅದಕ್ಕೆ ಛಾಯಾಚಿತ್ರ ಅಂತೀವಿ, ನೆರಳಿನ ಚಿತ್ರ. ಅವರು ಬೆಳಕು ಕಂಡರು, ನಾವು ನೆರಳು ಕಂಡೆವು ಎಂದಾಗ ಆ ಹುಡುಗ, “ಎರಡೂ ಬೇಕಲ್ರಿ, ಇಲ್ಲಂದ್ರ ಫೋಟೋ ಹೆಂಗ ಬರತೈತಿ?” ಅಂದ. ಅವತ್ತಿನಿಂದ ಅವನು ಹಿಂದಿನ ಸಾಲಿನಲ್ಲಿ ಕೂರುವುದು ನಿಂತಿತು.

ಹಳೇ ಹುಬ್ಬಳ್ಳಿಯಲ್ಲಿ ನನ್ನ ಗೆಳತಿಯೊಬ್ಬಳು ಮಕ್ಕಳಿಗೆ ಸಂಜೆಪಾಠ ಮಾಡುತ್ತಾಳೆ. ಚಿಗರಿ ಬಸ್ಸು ಹಿಡಿದು ಒಮ್ಮೆ ಅಲ್ಲಿಗೂ ಹೋದೆ. ಏಳನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಹುಡುಗ ಅಲ್ಲಿದ್ದ. ‘ಅಸ್ಯೂಮ್’ ಅಂದರೆ ಊಹಿಸಿಕೊಳ್ಳುವುದು ಎಂದು ನಾನು ವಿವರಿಸುತ್ತಿದ್ದರೆ ಅವನು ತಟ್ಟನೆ, “ಫರ್ಜ್ ಕರೋ, ಹೌದಲ್ರಿ?” ಎಂದ. ಅವನಿಗೆ ನನ್ನ ‘ಊಹೆ’ ಬೇಕಿರಲಿಲ್ಲ, ಅವನ ಜೇಬಿನಲ್ಲೇ ಶಬ್ದವಿತ್ತು. ಹುಬ್ಬಳ್ಳಿಯಂಥ ಊರಿನಲ್ಲಿ ಮರಾಠಿ, ಉರ್ದು, ಲಂಬಾಣಿ, ಕೊಂಕಣಿ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹೊಸ ಶಬ್ದ ಕಲಿಸುವವರು ಮೊದಲು ಕೇಳಬೇಕಾದ್ದು, ಈ ವಿಚಾರ ನಿನ್ನ ಹತ್ತಿರ ಯಾವ ಹೆಸರಿನಲ್ಲಿದೆ ಎಂಬುದನ್ನು. ಕೆನಡಾದ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತ ಬಂದದ್ದೂ ಇದನ್ನೇ: ಅಂಗಡಿಯಲ್ಲಿ ಮಾತಾಡುವ ಭಾಷೆ ಬೇರೆ, ಶಾಸ್ತ್ರ ಓದುವ ಭಾಷೆ ಬೇರೆ. ಎರಡನೆಯದನ್ನು ಒಂದು ನುಡಿಯಲ್ಲಿ ಗಟ್ಟಿ ಮಾಡಿಕೊಂಡವರು ಅದನ್ನು ಇನ್ನೊಂದು ನುಡಿಗೆ ಒಯ್ಯಬಲ್ಲರು.

ನಮ್ಮ ಪದ್ಧತಿ ಸರಳ. ವಾರಕ್ಕೆ ಆರೇ ಆರು ಶಬ್ದ. ನೋಟ್‌ಬುಕ್ಕಿನ ಎಡಪುಟದಲ್ಲಿ ಕನ್ನಡ ಪಠ್ಯದ ಒಂದು ಇಡೀ ವಾಕ್ಯ, ಬಲಪುಟದಲ್ಲಿ ಅದೇ ವಾಕ್ಯದ ಇಂಗ್ಲಿಷ್ ರೂಪ. ಕಾಲೇಜಿಗೆ ಹೋಗುವವರ ಹಳೆಯ ಪುಸ್ತಕಗಳಿಂದ, ಇಂಗ್ಲಿಷ್ ಮಾಧ್ಯಮದ ಪಠ್ಯದಿಂದ ಹುಡುಕಿ ಬರೆಯಬೇಕು. ಬರಿಯ ಶಬ್ದ ಬರೆದರೆ ನಡೆಯುವುದಿಲ್ಲ. ಕೆಳಗೆ ಆ ಶಬ್ದದ ಬಂಧುಬಳಗ: ‘ಅಸ್ಯೂಮ್’ ಇದ್ದರೆ ‘ಅಸಂಪ್ಷನ್’. ಮುಂದಿನ ವಾರ ಹಳೆಯ ಆರನ್ನೂ ಬಳಸಿ ತಮ್ಮದೇ ಊರಿನ ಬಗ್ಗೆ ಎರಡು ಮಾತು ಬರೆಯಬೇಕು. ಒಬ್ಬಳು ಬರೆದಿದ್ದಳು: ನಮ್ಮ ಎತ್ತುಗಳ ಹೆಸರು ರಾಮ ಮತ್ತು ಲಕ್ಷ್ಮಣ, ವಯಸ್ಸು ಏಳು ಮತ್ತು ಆರು, ರೆಸ್ಪೆಕ್ಟಿವ್ಲಿ. ಆ ಶಬ್ದ ಅವಳಿಗೆ ಇನ್ನು ಮರೆಯುವುದಿಲ್ಲ. ಒಂದು ಶಬ್ದ ನಮ್ಮದಾಗಲು ಅದನ್ನು ಬೇರೆ ಬೇರೆ ಕಡೆ ಹಲವು ಸಲ ಭೇಟಿಯಾಗಬೇಕು. ಐನೂರು ಅಪರಿಚಿತರನ್ನು ಒಂದು ರಾತ್ರಿಯಲ್ಲಿ ಪರಿಚಯ ಮಾಡಿಕೊಂಡರೆ ಬೆಳಗಾಗುವಾಗ ಯಾರೂ ನೆನಪಿರುವುದಿಲ್ಲ.

ಈ ಅವಳಿ ಊರಿಗೆ ಎರಡು ಭಾಷೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಹೊಸದೇನಲ್ಲ. 1853ರಲ್ಲಿ ಭಾರತಕ್ಕೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲ್ ಮೊದಲ ವರ್ಷಗಳಲ್ಲಿ ಕನ್ನಡ ಕಲಿಯುತ್ತ ಓಡಾಡಿದ್ದು ಈ ಸೀಮೆಯಲ್ಲಿ. ಮುಂದೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಪತ್ರಿಕೆ ಹೊರಡಿಸಿದಾಗಿನಿಂದ ಶಾಸ್ತ್ರದ ಕನ್ನಡ ಶಬ್ದಗಳನ್ನು ಟಂಕಿಸಿದವರು ಇಂಗ್ಲಿಷ್ ಶಬ್ದದ ಎಲುಬುಗಳನ್ನು ಎಣಿಸಿಯೇ ಕನ್ನಡದ ಮೈ ಕಟ್ಟಿದರು. ಅವರು ಇಂಗ್ಲಿಷಿನಿಂದ ಕನ್ನಡಕ್ಕೆ ಕಟ್ಟಿದ ಸೇತುವೆಯ ಮೇಲೆ ನಾವು ಈಗ ಎದುರು ದಿಕ್ಕಿನಲ್ಲಿ ನಡೆಯುತ್ತಿದ್ದೇವೆ, ಅಷ್ಟೇ. ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟದ್ದೂ ಅವರ ಅಧ್ಯಕ್ಷತೆಯ ಸಮಿತಿಯೇ. ಒಂದೇ ತಲೆಯೊಳಗೆ ಎರಡು ಭಾಷೆಗಳು ಜಗಳವಾಡದೆ ಇರಬಲ್ಲವು ಎಂಬುದಕ್ಕೆ ಧಾರವಾಡದವರು ದೂರ ಹೋಗಬೇಕಿಲ್ಲ.

ಕಿರುಪುಸ್ತಕದ ವಿಷಯ ಹೇಳುವುದು ಉಳಿಯಿತು. ನಾನು ಮಾಡಿಕೊಟ್ಟ ಐನೂರರಲ್ಲಿ ಹೆಚ್ಚಿನವು ಇಂಥ ನಡುಪದರದ ಶಬ್ದಗಳು, ಪ್ರತಿಯೊಂದಕ್ಕೂ ಕನ್ನಡ ಪಠ್ಯದ ಜೋಡಿ. ಕ್ಲಾಸಿನವರು ತಿರುವಿ ಹಾಕಿ, “ಮೇಡಂ, ಇದ್ರಾಗ ಅಡ್ವಾನ್ಸ್ಡ್ ಎಲ್ಲೈತ್ರಿ? ಪಾಲಕರು ಹೆನ್ಸ್, ವೇರ್ಯಾಸ್ ನೋಡಿ ಫೀ ಕೊಡ್ತಾರೇನ್ರಿ?” ಎಂದರು. ಅವರದೂ ವ್ಯಾಪಾರ, ಅವರ ಮಾತಿನಲ್ಲಿ ಸತ್ಯವಿದೆ. ಮಗ ‘ಯುಬಿಕ್ವಿಟಸ್’ ಅಂದರೆ ಅಪ್ಪನಿಗೆ ಅರ್ಥವಾಗದಿದ್ದರೂ ಹೆಮ್ಮೆಯಾಗುತ್ತದೆ. ಪುಸ್ತಕ ಅಲ್ಲಿ ಅಚ್ಚಾಗಲಿಲ್ಲ. ಹಳ್ಳಿಯ ಶಾಲೆಯ ಹುಡುಗರು ಅದನ್ನು ಝೆರಾಕ್ಸ್ ಮಾಡಿಸಿಕೊಂಡು ದಾರ ಹಾಕಿ ಹೊಲಿದುಕೊಂಡಿದ್ದಾರೆ.

ಆ ಹುಡುಗಿ ವಿಜ್ಞಾನದಲ್ಲೇ ಉಳಿದಳು. ಉಳಿದದ್ದು ನನ್ನ ಪಟ್ಟಿಯಿಂದ ಎಂದು ಹೇಳಲಾರೆ. ಅವಳ ಹಟ ದೊಡ್ಡದು, ಅವ್ವ ಅವಳ ಪರ ನಿಂತಳು. ಅರ್ಧವಾರ್ಷಿಕದಲ್ಲಿ ಭೌತಶಾಸ್ತ್ರದ ಅಂಕ ಇನ್ನೂ ಕಡಿಮೆಯೇ ಇತ್ತು, ಆದರೆ ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಿಳಿಯುತ್ತದೆ, ಬಾರದಿದ್ದರೆ ಭೌತಶಾಸ್ತ್ರವೇ ಬಾರದು ಅನ್ನುತ್ತಾಳೆ. ಅದು ಸರಿಯಾದ ಕಷ್ಟ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007–08ರಲ್ಲಿ. ಹತ್ತು ವರ್ಷ ಇಂಗ್ಲಿಷ್ ಓದಿಯೂ ಮಕ್ಕಳು ಪಿಯುಸಿಯ ಮೊದಲ ತಿಂಗಳಲ್ಲಿ ಎಡವುತ್ತಾರೆ. ಇಂಗ್ಲಿಷ್ ಪಾಠದಲ್ಲಿ ಕಥೆ, ಪದ್ಯಗಳ ಶಬ್ದ ಕಲಿಯುತ್ತಾರೆ, ವಿಜ್ಞಾನ ಪಾಠದಲ್ಲಿ ಕನ್ನಡ ಶಬ್ದ ಕಲಿಯುತ್ತಾರೆ. ಎರಡೂ ಪಾಠಗಳು ಎಲ್ಲೂ ಭೇಟಿಯಾಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ತನಕ ಹೆಚ್ಚುಕಡಿಮೆ ಎರಡು ತಿಂಗಳು ಸಿಗುತ್ತದೆ. ಅರವತ್ತು ಪುಟದ ಒಂದು ಪುಸ್ತಕ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಇನ್ನೂರು ಶಬ್ದ. ಅದನ್ನು ಓದಿಸಲು ಆ ಶಾಲೆಯ ವಿಜ್ಞಾನ ಮೇಷ್ಟರು, ಇಂಗ್ಲಿಷ್ ಮೇಷ್ಟರು ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಸಾಕು. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ.

ಬಿಟ್ಟುಹೋದ ಆ ಇಬ್ಬರನ್ನು ನಾನು ಆಮೇಲೆ ಕಂಡೆ. ಒಬ್ಬ ಆರ್ಟ್ಸಿನಲ್ಲಿ ಖುಷಿಯಾಗಿದ್ದಾನೆ, ಇತಿಹಾಸ ಇಷ್ಟವಂತೆ. ಇನ್ನೊಬ್ಬಳಿಗೆ ನರ್ಸಿಂಗ್ ಮಾಡುವ ಆಸೆಯಿತ್ತು. “ಇಂಗ್ಲಿಷ್ ಬರಲಿಲ್ಲ, ಬಿಟ್ಟೆ” ಎಂದಷ್ಟೇ ಹೇಳಿದಳು. ಯಾವ ಶಬ್ದದ ಹತ್ತಿರ ಕಾಲು ನಿಂತಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. ಅದನ್ನು ಅವಳಿಗೆ ಯಾರೂ ಕೇಳಿರಲಿಲ್ಲ.